ಈ ತಿರುಗಾಟಕ್ಕೆ ಏನು ಹೊಸತು?

ಸೊರಬದ ಯಾವುದೇ ಮನೆಯಲ್ಲಿ ‘ನಿನ್ನ ತಿರುಗಾಟ ಜಾಸ್ತಿಯಾಯ್ತು’ ಎಂದರೆ ಬೈಗುಳ. ಅದೇ ಮನೆಯ ಜಗಲಿಯಲ್ಲಿ ‘ಅವರು ಸಾಲಿಗ್ರಾಮ ಮೇಳದಲ್ಲೇ ಹನ್ನೆರಡು ತಿರುಗಾಟ ಮಾಡಿದವರು’ ಎಂದರೆ ಮರ್ಯಾದೆ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ತಿರುಗಿದರೆ ಅದು ಅನುಭವದ ಲೆಕ್ಕಕ್ಕೆ ಸೇರುತ್ತದೆ, ಬರಿಗಾಲಲ್ಲಿ ತಿರುಗಿದರೆ ಪುಂಡಾಟಿಕೆಯ ಲೆಕ್ಕಕ್ಕೆ. ಯಕ್ಷಗಾನ ಕಲಾವಿದರಿಗೆ ಸನ್ಮಾನ ಮಾಡುವಾಗ ಓದುವ ಅಭಿನಂದನಾ ಪತ್ರಗಳನ್ನು ಗಮನಿಸಿ. ಇಂಥ ಮೇಳದಲ್ಲಿ ಇಷ್ಟು ತಿರುಗಾಟ, ಆಮೇಲೆ ಇನ್ನೊಂದು ಮೇಳದಲ್ಲಿ ಇಷ್ಟು ತಿರುಗಾಟ ಎಂದೇ ಅಲ್ಲಿ ಬದುಕನ್ನು ಅಳೆದಿರುತ್ತಾರೆ. ‘ವರ್ಷ’ ಎಂದು ಬರೆದರೆ ಏನೋ ಸರ್ಕಾರಿ ನೌಕರಿಯ ಸೇವಾ ಪುಸ್ತಕದ ಹಾಗೆ ಕೇಳುತ್ತದೆ.

ಓಡಾಟ, ಹುಡುಕಾಟ, ಪರದಾಟ, ಕಾದಾಟ. ಕ್ರಿಯಾಪದಕ್ಕೆ ‘ಆಟ’ ಹಚ್ಚಿ ನಾಮಪದ ಮಾಡುವುದು ಕನ್ನಡಕ್ಕೆ ಹಳೆಯ ಅಭ್ಯಾಸ. ಪರದಾಟದಲ್ಲಿ ಆಡುವುದೇನೂ ಇಲ್ಲ, ಬರೀ ಒದ್ದಾಟ. ಆದರೆ ನಮ್ಮ ಕಡೆ ‘ಆಟ’ ಎಂಬುದು ಯಕ್ಷಗಾನದ ಹೆಸರೂ ಹೌದು. ‘ಇವತ್ತು ಆಟಕ್ಕೆ ಹೋಗದಾ?’ ಎಂದು ಯಾರಾದರೂ ಕೇಳಿದರೆ ಕಬಡ್ಡಿಯೋ ಕ್ರಿಕೆಟ್ಟೋ ಎಂಬ ಅನುಮಾನ ಚಂದ್ರಗುತ್ತಿಯಲ್ಲೂ ಬರುವುದಿಲ್ಲ, ಉಳವಿಯಲ್ಲೂ ಬರುವುದಿಲ್ಲ. ಹಾಗಾಗಿ ಮೇಳದವರ ಬಾಯಲ್ಲಿ ತಿರುಗಾಟವೆಂದರೆ ಊರಿಂದೂರಿಗೆ ತಿರುಗುವ ಆಟವೇ. ವ್ಯಾಕರಣದವರು ಇದು ಬರೀ ಪ್ರತ್ಯಯ, ಅದಕ್ಕೆ ಅರ್ಥ ಹಚ್ಚಬೇಡಿ ಎಂದಾರು. ಹೇಳಿಕೊಳ್ಳಲಿ.

ದೀಪಾವಳಿ ಕಳೆದು ಗದ್ದೆ ಕೊಯ್ಲು ಒಂದು ಹಂತಕ್ಕೆ ಬರುವ ಹೊತ್ತಿಗೆ ಮೇಳಗಳು ತಮ್ಮ ದೇವರ ಎದುರು ಸೇವೆಯಾಟ ಆಡಿ ಹೊರಡುತ್ತವೆ. ಮುಂಗಾರು ಬಾಗಿಲಿಗೆ ಬಂದಾಗ ಗೆಜ್ಜೆ ಬಿಚ್ಚುತ್ತಾರೆ. ಈ ಐದಾರು ತಿಂಗಳೇ ಒಂದು ತಿರುಗಾಟ. ಕ್ಯಾಲೆಂಡರಿನ ಎರಡು ವರ್ಷಗಳ ಮೇಲೆ ಕಾಲಿಟ್ಟು ನಿಲ್ಲುವುದರಿಂದ ಶಾಲೆಯ ವರ್ಷದ ಹಾಗೆ ‘2024-25ರ ತಿರುಗಾಟ’ ಎಂದು ಬರೆಯುವುದು ವಾಡಿಕೆ. ರೈತರ ಬಾಯಲ್ಲಿ ಇದಕ್ಕೆ ಹತ್ತಿರದ ಮಾತು ಹಂಗಾಮು. ಪಾರಸಿಯಿಂದ ಬಂದದ್ದು, ಮರಾಠಿಯವರೂ ಬಳಸುತ್ತಾರೆ. ಸರ್ಕಾರಿ ಕಚೇರಿಗೆ ಹೋದ ಮೇಲೆ ಅದೇ ಪದ ‘ಹಂಗಾಮಿ ನೌಕರ’ನಾಗಿ ಕಾಯಂ ಆಗುವ ದಿನಕ್ಕಾಗಿ ಕಾದು ಕೂತಿತು. ಹಂಗಾಮು ಕಾಲವನ್ನಷ್ಟೇ ಹೇಳುತ್ತದೆ. ತಿರುಗಾಟ ಕಾಲವನ್ನೂ ದಾರಿಯನ್ನೂ ಒಂದೇ ಉಸಿರಿಗೆ ಹೇಳುತ್ತದೆ.

ಸೊರಬ ತಾಲ್ಲೂಕು ಎರಡು ರಂಗಭೂಮಿಗಳ ನಡುವಿನ ಬೇಲಿಯ ಮೇಲೆ ಕೂತಿದೆ. ಪಡುವಣದ ಚಂದ್ರಗುತ್ತಿ ಕಡೆ ಸಿದ್ದಾಪುರದ ಗಾಳಿ. ಅಲ್ಲಿ ಚೆಂಡೆಯ ಸದ್ದಿಗೆ ಕಿವಿ ನಿಮಿರುತ್ತದೆ. ಮೂಡಲ ಆನವಟ್ಟಿ ದಾಟಿದರೆ ಹಾನಗಲ್ಲಿನ ಬಯಲು. ಅಲ್ಲಿ ದೊಡ್ಡಾಟ ಮತ್ತು ಕಂಪನಿ ನಾಟಕ. ಕಂಪನಿಯವರ ಮಾತು ತಿರುಗಾಟವಲ್ಲ, ಕ್ಯಾಂಪು, ಮೊಕ್ಕಾಂ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಡೇರೆ ಹೊಡೆದು ಕೂತ ಕಂಪನಿ ದಿನಗಟ್ಟಲೆ ಅಲ್ಲೇ ಇರುತ್ತದೆ. ಇವತ್ತು ತಪ್ಪಿದರೆ ನಾಳೆ ಹೋಗಬಹುದು. ಮೇಳ ಹಾಗಲ್ಲ. ರಾತ್ರಿ ಆಡಿ, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಲಾರಿಗೆ ಏರಿಸಿ ಇನ್ನೊಂದೂರಿಗೆ ಹೋಗಿಬಿಡುತ್ತದೆ. ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಸಂಜೆಯೊಳಗೆ ಆಗಬೇಕು.

ಟಿಕೆಟ್ಟಿಗೆ ಆಡುವ ಡೇರೆ ಮೇಳಗಳು ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗ ತರುವ ರೂಢಿ ಬಂದ ಮೇಲೆ ಈ ತೀರ್ಮಾನ ಕಷ್ಟವಾಯಿತು. ‘ಗದಾಯುದ್ಧ’ ಆಡುತ್ತಾರೆ ಎಂದರೆ ಯಾರು ಸೋಲುತ್ತಾರೆಂದು ಕೇಳುವ ಮಗುವೂ ಊರಲ್ಲಿರಲಿಲ್ಲ. ಕೌರವನ ವೇಷ ಯಾರದ್ದು ಎಂಬುದಷ್ಟೇ ಪ್ರಶ್ನೆ. ಹೊಸ ಪ್ರಸಂಗಕ್ಕೆ ಆ ಆಧಾರವಿಲ್ಲ. ಇರುವುದು ಒಂದು ಹ್ಯಾಂಡ್‌ಬಿಲ್ಲು. ತೆಳು ಗುಲಾಬಿ ಅಥವಾ ಹಳದಿ ಕಾಗದ, ಮುಟ್ಟಿದರೆ ಬೆರಳಿಗೆ ಹತ್ತುವ ಮಸಿ. ನೆತ್ತಿಯ ಮೇಲೆ ಮೇಳದ ದೇವರು, ನಡುವೆ ದಪ್ಪಕ್ಷರದಲ್ಲಿ ಪ್ರಸಂಗದ ಹೆಸರು, ಕೆಳಗೆ ಕಲಾವಿದರ ಸಾಲು. ಪಳಗಿದ ಕಣ್ಣು ಪ್ರಸಂಗದ ಹೆಸರನ್ನು ಹಾರಿಸಿಕೊಂಡೇ ಕೆಳಗಿಳಿಯುತ್ತದೆ. ಮೊದಲು ಭಾಗವತರು ಯಾರು. ಆಮೇಲೆ ಸ್ತ್ರೀವೇಷ, ಹಾಸ್ಯ. ಎಲ್ಲದರ ಅಡಿಯಲ್ಲಿ ಚಿಕ್ಕಕ್ಷರದಲ್ಲಿ ಕತೆ ಇಂಥವರದ್ದು, ಪದ್ಯ ಇಂಥವರದ್ದು. ಕತೆಯವರೂ ಪದ್ಯದವರೂ ಬೇರೆಬೇರೆಯಾದರೆ ನಮ್ಮೂರಿನ ಹಿರಿಯರು ಒಮ್ಮೆ ಮೂಗು ಮುರಿಯುತ್ತಿದ್ದರು.

ಗುಂಡ್ಮಿ ಕಾಳಿಂಗ ನಾವಡರ ‘ನಾಗಶ್ರೀ’ ಬಂದ ಮೇಲೆ ಆ ಮೂಗುಗಳು ಸ್ವಲ್ಪ ನೆಟ್ಟಗಾದವು. ಪುರಾಣದ್ದಲ್ಲದ ಕತೆ, ಆದರೆ ಸಾಲಿಗ್ರಾಮ ಮೇಳದ ಭಾಗವತರೇ ಬರೆದದ್ದು. ಹಾಡುವವನಿಗೆ ಗೊತ್ತಿರುವಷ್ಟು ಪದ್ಯದ ನಡಿಗೆ ಇನ್ಯಾರಿಗೆ ಗೊತ್ತು? ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಮೂವತ್ತರ ಆಸುಪಾಸಿನ ವಯಸ್ಸು. ‘ನಾಗಶ್ರೀ’ ಮಾತ್ರ ಇನ್ನೂ ರಂಗಕ್ಕೆ ಬರುತ್ತಲೇ ಇದೆ. ಅದರ ಬೆನ್ನಿಗೆ ಬಂದ ಎಷ್ಟೋ ‘ಶ್ರೀ’ಗಳು ಒಂದೇ ತಿರುಗಾಟಕ್ಕೆ ದಣಿದು ಮನೆ ಸೇರಿದವು. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಪ್ರಸಂಗಗಳ ದೊಡ್ಡ ಶತ್ರು ಅವುಗಳ ಕುತೂಹಲವೇ. ಮುಂದೇನಾಗುತ್ತದೆ ಎಂಬ ಒಂದೇ ಎಳೆಯ ಮೇಲೆ ನಿಂತದ್ದು, ಮುಂದೇನಾಯಿತೆಂದು ಗೊತ್ತಾದ ಮೇಲೆ ನಿಲ್ಲುವುದು ಯಾವುದರ ಮೇಲೆ?

ಅಸಲಿಗೆ ಆರಿಸುವುದು ನಾವೇ ಎಂಬುದೂ ಪೂರ್ತಿ ನಿಜವಲ್ಲ. ಮಂದಾರ್ತಿಯಂಥ ಹರಕೆ ಮೇಳಗಳ ಆಟ ಆಡಿಸುವವರು ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಸರದಿ ಕಾಯುತ್ತಾರೆ. ಅಲ್ಲಿ ಪ್ರಸಂಗ ಹರಕೆಯವರ ಇಷ್ಟ, ಉಳಿದವರು ಹೋಗಿ ಕೂತು ನೋಡುವುದು. ಡೇರೆ ಮೇಳವಾದರೆ ಊರಿನ ಕಂಟ್ರಾಕ್ಟುದಾರನೋ ಸಂಘದವರೋ ದರ ಕುದುರಿಸಿ ಪ್ರಸಂಗವನ್ನೂ ಗೊತ್ತು ಮಾಡುತ್ತಾರೆ. ಪ್ರೇಕ್ಷಕನ ಪಾಲಿಗೆ ಉಳಿದ ಸ್ವಾತಂತ್ರ್ಯ ಎರಡೇ. ಹೋಗುವುದು ಅಥವಾ ಹೋಗದಿರುವುದು. ಹೋದ ಮೇಲೆ, ಯಾವಾಗ ನಿದ್ದೆ ಮಾಡುವುದು. ಎರಡನೆಯದು ಸಣ್ಣ ವಿದ್ಯೆಯಲ್ಲ. ಚಾಪೆ ಹಾಸಿ, ಕಂಬಳಿ ಎಳೆದುಕೊಂಡು, ‘ಅವರ ವೇಷ ಬಂದಾಗ ಎಬ್ಬಿಸು ಮಾರಾಯ’ ಎಂದು ಪಕ್ಕದವನಿಗೆ ಹೇಳಿ ಮಲಗಿದರೆ, ಇಡೀ ರಾತ್ರಿಯ ಆಟದಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಂಡ ಹಾಗೆಯೇ. ಕಾಲಮಿತಿಯ ಆಟಗಳು ಬಂದು ಈ ವಿದ್ಯೆಗೆ ಪೆಟ್ಟು ಬಿತ್ತು. ಮೂರು ತಾಸಿನಲ್ಲಿ ಯಾರು ಮಲಗುತ್ತಾರೆ?

ಆರಿಸುವ ಕಷ್ಟ ನಮ್ಮ ಮನೆಯಲ್ಲಿ ಇನ್ನೊಬ್ಬನಿಗೂ ಇದೆ. ತಮ್ಮನ ಮಗ ಪಿಯುಸಿ. ಅವನ ತಿರುಗಾಟ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಜಪಾನಿನ ಟಿವಿಯಲ್ಲಿ ಹೊಸ ಆನಿಮೆ ಸರಣಿಗಳು ಶುರುವಾಗುವುದು ಈ ತಿಂಗಳುಗಳಲ್ಲಿ, ಒಂದೊಂದು ಸಲಕ್ಕೂ ಹತ್ತಾರು. ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನು ಗೆರೆ ಎಳೆದು ಪಟ್ಟಿ ಮಾಡಿದ್ದ. ಒಂದು ಸಾಲು ‘ಖಂಡಿತ’, ಇನ್ನೊಂದು ‘ಮೂರು ಎಪಿಸೋಡ್’, ಮೂರನೆಯದು ‘ಬೇಡ’. ಮೂರು ಎಪಿಸೋಡ್ ಎಂದರೇನು ಎಂದೆ.

‘ಮೂರು ನೋಡೋದು ದೊಡ್ಡಪ್ಪ. ಹಿಡಿಸದಿದ್ರೆ ಬಿಡೋದು. ಎಲ್ಲರೂ ಹಂಗೇ ಮಾಡ್ತಾರೆ.’

‘ಯಾವುದರ ಮೂರು ನೋಡೋದು ಅಂತ ಹೆಂಗೆ ಆರಿಸ್ತೀಯ?’

‘ಸ್ಟುಡಿಯೋ ಯಾವ್ದು, ಡೈರೆಕ್ಟರ್ ಯಾರು, ದನಿ ಯಾರದ್ದು ಅಂತ ನೋಡ್ಕಂಡು.’

ಸ್ಟುಡಿಯೋ ಅಂದರೆ ಮೇಳ. ದನಿಯವರನ್ನು ಹೆಸರಿಟ್ಟು ಹಿಂಬಾಲಿಸುವುದಂತೂ ಭಾಗವತರ ಹಿಂದೆ ಊರೂರು ಅಲೆದವರ ಜಾತಿಯೇ. ಆನಿಮೆಯ ಮೂಲವಾದ ಚಿತ್ರಕತೆ ಪುಸ್ತಕ ‘ಮಾಂಗಾ’ ಓದಿದವರಿಗೂ ಓದದವರಿಗೂ ಒಂದು ಜಗಳ ಇದೆಯಂತೆ. ಓದಿದವನು ಮುಂದಿನ ಕತೆ ಬಾಯಿಬಿಟ್ಟರೆ ಗೆಳೆತನ ಮುಗಿಯಿತು. ಇದನ್ನು ಕೇಳಿ ನನಗೆ ನಗು ತಡೆಯಲಿಲ್ಲ. ‘ಚಂದ್ರಹಾಸ’ ನೋಡಲು ಕೂತ ಸಾವಿರ ಜನರೂ ಮೂಲ ಓದಿದವರೇ, ಕಡೇ ಪಕ್ಷ ಅಜ್ಜಿಯ ಬಾಯಲ್ಲಿ ಕೇಳಿದವರು. ಅಲ್ಲಿ ಕತೆ ಹೇಳಿಬಿಟ್ಟೆ ಎಂದು ಯಾರೂ ಸಿಟ್ಟಾಗಲಾರರು. ಅರ್ಥಧಾರಿ ಇವತ್ತು ಅದೇ ಕತೆಯ ಒಳಗೆ ಯಾವ ಹೊಸ ಮಾತು ತೆಗೆಯುತ್ತಾನೆ ಎಂದಷ್ಟೇ ಕಾಯುವುದು.

ಹನ್ನೆರಡು ಹದಿಮೂರು ವಾರದ ಒಂದು ಕಂತಿಗೆ ಜಪಾನಿನವರು ‘ಕೂರು’ ಎನ್ನುತ್ತಾರೆ ಎಂದೂ ಅವನೇ ಹೇಳಿದ. ಎಷ್ಟು ಸರಿಯಾದ ಕನ್ನಡ! ಅವರದ್ದು ಕೂರು, ನಮ್ಮದು ತಿರುಗು.

ಕೂರುವುದಕ್ಕೂ ತಿರುಗುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಡಿಸೆಂಬರಿನಲ್ಲಿ ಕುಂದಾಪುರದ ಕಡೆಯಿಂದ ಹೊರಟ ಹೊಸ ಪ್ರಸಂಗ ಘಟ್ಟ ಹತ್ತಿ ನಮ್ಮ ಕಡೆ ಬರುವಷ್ಟರಲ್ಲಿ ಅದೇ ಪ್ರಸಂಗವಾಗಿ ಉಳಿದಿರುವುದಿಲ್ಲ. ಜನ ಎದ್ದು ಚಾ ಕುಡಿಯಲು ಹೋದ ಜಾಗದಲ್ಲಿ ಪದ್ಯ ಕತ್ತರಿಸಿರುತ್ತಾರೆ. ನಕ್ಕ ಜಾಗದಲ್ಲಿ ಹಾಸ್ಯಗಾರರು ಇನ್ನೆರಡು ಮಾತು ಸೇರಿಸಿರುತ್ತಾರೆ, ಕೆಲವೊಮ್ಮೆ ಇಪ್ಪತ್ತು. ಆನಿಮೆಗೆ ಈ ಭಾಗ್ಯ ಇಲ್ಲ. ಸುರುವಿಗೆ ಚಂದ ಇದ್ದದ್ದು ವಾರದ ಗಡುವಿಗೆ ಸಿಕ್ಕಿ ನಡುವೆ ಸೊರಗುವುದೂ ಉಂಟು, ಹೊಸ ಎಪಿಸೋಡ್ ಮುಗಿಯದೆ ಹಳೆಯ ತುಣುಕುಗಳನ್ನೇ ಹೊಲಿದು ಒಂದು ವಾರ ದೂಡುವುದೂ ಉಂಟು. ಮೂರು ಎಪಿಸೋಡಿನ ನಿಯಮ ಅದಕ್ಕೆ ಸರಿ ಇರಬಹುದು. ಡಿಸೆಂಬರಿನ ಆಟ ನೋಡಿ ಮಾರ್ಚಿನ ಆಟಕ್ಕೆ ತೀರ್ಪು ಕೊಡುವವನು ಮಾತ್ರ ತಿರುಗಾಟ ಎಂಬ ಪದವನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ.

ಮೇಳದ ಬಾಯಲ್ಲಿದ್ದ ಈ ಮಾತು ಸಂಸ್ಥೆಯ ಹೆಸರಾಗಿ ಬೋರ್ಡಿನ ಮೇಲೆ ಹತ್ತಿದ್ದು ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲಿ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಕಟ್ಟಿತು. ಕಲಿತು ಹೊರಬಂದ ಹುಡುಗರು ಎಲ್ಲಿ ಆಡಬೇಕು ಎಂಬ ಪ್ರಶ್ನೆಗೆ 1985ರಲ್ಲಿ ಸಿಕ್ಕ ಉತ್ತರವೇ ‘ನೀನಾಸಮ್ ತಿರುಗಾಟ’. ರೆಪರ್ಟರಿ ಎಂದು ಹೆಸರಿಡಬಹುದಿತ್ತು, ಮೈಸೂರಿನ ರಂಗಾಯಣವನ್ನು ಹಾಗೆ ಕರೆಯುತ್ತಾರೆ. ತಿರುಗಾಟ ಎಂದದ್ದರಿಂದ ಒಂದು ಉಪಕಾರವಾಯಿತು. ಶೇಕ್ಸ್‌ಪಿಯರನ ನಾಟಕ ಬರುತ್ತದೆ ಎಂದಾಗ ‘ಅದು ನಮಗಲ್ಲ’ ಎನ್ನಬಹುದಾಗಿದ್ದ ಊರುಗಳು ‘ತಿರುಗಾಟ ಬಂದಿದೆ’ ಎಂದಾಗ ಹೋಗಿ ಕೂತವು. ಪದ ಪರಿಚಯದ್ದು. ಕಾಳಿದಾಸನೂ ಬ್ರೆಕ್ಟನೂ ಅದರ ಹಿಂದೆ ಬಂದರು. ಪ್ರತಿ ವರ್ಷ ಎರಡೋ ಮೂರೋ ಹೊಸ ನಾಟಕ, ಅದೇ ಹತ್ತಿಪ್ಪತ್ತು ಜನ, ಒಂದು ಬಸ್ಸು. ಆಡಿಸುವ ಊರಿನವರು ಕುರ್ಚಿಯ ಲೆಕ್ಕ, ಊಟದ ಲೆಕ್ಕ ಹಾಕಿ ‘ಈ ಸಲ ನಗುವಂಥದ್ದು ಯಾವುದಿದೆ?’ ಎಂದು ಕೇಳುವುದು ಹೊಸ ಪ್ರಸಂಗದ ಕಂಟ್ರಾಕ್ಟುದಾರ ಕೇಳಿದ ಹಾಗೆಯೇ. ಅಂದ ಹಾಗೆ, ಅದೇ ಹೆಗ್ಗೋಡಿನಲ್ಲಿ 1973ರಲ್ಲಿ ಶುರುವಾದ ನೀನಾಸಮ್ ಚಿತ್ರಸಮಾಜದ ಪರದೆಯ ಮೇಲೆ ಅಡಿಕೆ ತೋಟದವರು ಜಪಾನಿನ ಕುರೊಸಾವಾನನ್ನು ನೋಡಿದ್ದರು. ನನ್ನ ತಮ್ಮನ ಮಗ ಮಲೆನಾಡಿಗೆ ಜಪಾನನ್ನು ತಂದ ಮೊದಲಿಗನೇನಲ್ಲ. ಅವನಿಗೆ ಇದನ್ನು ಹೇಳಿದಾಗ ಅಷ್ಟೇನೂ ಸಂತೋಷಪಡಲಿಲ್ಲ.

ಈಗ ತಿರುಗಾಟದ ಕರ್ತೃವೇ ಬದಲಾಗಿದ್ದಾನೆ. ಮೊದಲು ಆಟ ತಿರುಗುತ್ತಿತ್ತು, ನೋಡುವವನು ಕೂತಲ್ಲೇ ಇದ್ದ. ಈಗ ಆಟಗಳೆಲ್ಲ ಒಂದೇ ಫೋನಿನಲ್ಲಿ ಸಾಲಾಗಿ ಕೂತಿವೆ, ನೋಡುವವನು ಒಂದರಿಂದೊಂದಕ್ಕೆ ತಿರುಗುತ್ತಾನೆ. ಯಕ್ಷಗಾನವೂ ಹೊರತಲ್ಲ. ಕರಾವಳಿಯಲ್ಲಿ ನಡೆಯುತ್ತಿರುವ ಆಟವನ್ನು ಆನವಟ್ಟಿಯ ಹಾಸಿಗೆಯಲ್ಲಿ ಮಲಗಿ ನೇರ ಪ್ರಸಾರದಲ್ಲಿ ನೋಡುವವರಿದ್ದಾರೆ. ಹಿಡಿಸದಿದ್ದರೆ ಹತ್ತೇ ನಿಮಿಷಕ್ಕೆ ಇನ್ನೊಂದು ಮೇಳ. ಒಡ್ಡೋಲಗ ಮುಗಿಯುವವರೆಗೂ ತಡೆಯುವುದಿಲ್ಲ. ಜೋಡಾಟದಲ್ಲಿ ಅಕ್ಕಪಕ್ಕದ ಎರಡು ರಂಗಗಳ ನಡುವೆ ಕತ್ತು ಹೊರಳಿಸುತ್ತಿದ್ದವರಿಗೆ ಇದರ ಸುಖ ಸ್ವಲ್ಪ ಗೊತ್ತಿತ್ತು. ಆದರೆ ಅದು ಅಪರೂಪದ ರಾತ್ರಿ. ಈಗ ದಿನವೂ ಜೋಡಾಟ.

ತಿರುಗುವ ಆಟಕ್ಕೆ ಒಂದು ದಾರಿ ಇರುತ್ತದೆ, ದಾರಿಯಲ್ಲಿ ಇಲ್ಲದ ಊರು ಹೊರಗೇ ಉಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಆನಿಮೆ ಸಿನಿಮಾ ನಮ್ಮ ದೇಶದ ಥಿಯೇಟರುಗಳಿಗೆ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಆ ತಿರುಗಾಟದಲ್ಲಿ ಕನ್ನಡದ ಮೊಕ್ಕಾಂ ಇರಲಿಲ್ಲ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬಾಗಿಲು ಹಾಕಿಕೊಂಡವರು ನಾವೇ ಆದ್ದರಿಂದ ಈಗ ಯಾರೂ ತಟ್ಟದಿದ್ದರೆ ದೂರುವುದು ಯಾರನ್ನು? ಹುಡುಗ ಇಂಗ್ಲಿಷ್ ಅಡಿಬರಹ ಓದುತ್ತ ನೋಡುತ್ತಾನೆ, ಚೆನ್ನಾಗಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಾನೆ, ಇಲ್ಲದಿದ್ದರೆ ಒಂದು. ಆ ನಕ್ಷತ್ರ ಟೋಕಿಯೋದ ಯಾವ ಮೇಜಿಗೆ ಹೋಗಿ ಬೀಳುತ್ತದೋ ಅವನಿಗೆ ಗೊತ್ತಿಲ್ಲ. ನಮ್ಮಲ್ಲಿ ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆಯುತ್ತ ಕೂತವರ ಎದುರಿಗೇ ಹೋಗಿ ನಿಲ್ಲಬಹುದು. ಕಂಟ್ರಾಕ್ಟುದಾರ ಲೆಕ್ಕ ಚುಕ್ತಾ ಮಾಡಿ, ಮೇಳದ ಮ್ಯಾನೇಜರಿಗೆ ವೀಳ್ಯದ ಜೊತೆ ಮುಂಗಡದ ನೋಟು ಕೊಡುತ್ತ ಹೇಳುತ್ತಾನೆ: ‘ಬರೋ ತಿರುಗಾಟಕ್ಕೂ ನಮ್ಮೂರು ಬರ್ಕಳಿ. ಆದರೆ ಈ ಕತೆ ಬ್ಯಾಡ, ಪೌರಾಣಿಕ ತನ್ನಿ.’