ಓಮ್‌ನ ಸಮೀಕರಣ ಎಸಿಗೂ ಒಗ್ಗಿದ್ದು ಹೇಗೆ?

ಬ್ಯಾಟರಿಯನ್ನೇ ನೆಚ್ಚಿಕೊಂಡಿದ್ದರೆ ಗೇಯಾರ್ಗ್ ಓಮ್‌ಗೆ ತನ್ನ ನಿಯಮ ಸಿಗುವುದು ಕಷ್ಟವಿತ್ತು. 1820ರ ದಶಕದಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಮೇಷ್ಟ್ರಾಗಿದ್ದ ಆತ ಬೇರೆಬೇರೆ ಉದ್ದದ ತಂತಿಗಳಲ್ಲಿ ಕರೆಂಟು ಹರಿಸಿ ಅಳೆಯಹೊರಟರೆ, ಅಳತೆ ಮುಗಿಯುವಷ್ಟರಲ್ಲಿ ಬ್ಯಾಟರಿಯ ಕಸುವೇ ಇಳಿದಿರುತ್ತಿತ್ತು. ಭೌತವಿಜ್ಞಾನಿ ಪೊಗೆಂಡಾರ್ಫ್ ಕೊಟ್ಟ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಕೂಡಿಕೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಉಷ್ಣತೆಯ ಅಂತರ ಕದಲಲಿಲ್ಲ, ವೋಲ್ಟೇಜೂ ಕದಲಲಿಲ್ಲ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು ಎಂಬ ಲೆಕ್ಕ 1827ರಲ್ಲಿ ಪುಸ್ತಕವಾಗಿ ಹೊರಬಂತು. ಸ್ವದೇಶದಲ್ಲಿ ಅದನ್ನು ಮೂಸಿದವರು ಕಡಿಮೆ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲೆ ಪದಕ ಕೊಟ್ಟ ಮೇಲಷ್ಟೇ ಹೆಸರು ಬಂತು.

ಓಮ್‌ನ ನಿಯಮ ಒಂದು ತಂತಿಗೆ ಸಾಕು, ಕವಲೊಡೆದ ಜಾಲಕ್ಕೆ ಸಾಲದು. ಆ ಕೊರತೆ ನೀಗಿಸಿದವನು ಕೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ, 21 ವರ್ಷದ ಗುಸ್ತಾವ್ ಕಿರ್ಚಾಫ್. 1845ರಲ್ಲಿ ಆತ ಹೇಳಿದ್ದು ಎರಡೇ ಮಾತು: ಒಂದು ಸಂಧಿಗೆ ಬಂದಷ್ಟು ಕರೆಂಟು ಅಲ್ಲಿಂದ ಹೊರಡಲೇಬೇಕು, ಯಾವುದೇ ಸುತ್ತನ್ನು ಪೂರ್ತಿ ಬಳಸಿ ಬಂದರೆ ವೋಲ್ಟೇಜಿನ ಏರಿಳಿತಗಳು ಸೊನ್ನೆಯಾಗಬೇಕು. 1883ರಲ್ಲಿ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ತೆವೆನಿನ್, ಎಷ್ಟೇ ಗೋಜಲಾದ ಜಾಲವನ್ನೂ ಎರಡು ತುದಿಗಳಿಂದ ನೋಡಿದರೆ ಒಂದು ಮೂಲ, ಒಂದು ರೋಧವಾಗಿ ಕಾಣಬಹುದೆಂದು ತೋರಿಸಿದ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಇದನ್ನೇ 1853ರಲ್ಲಿ ಹೇಳಿದ್ದ. ಆದರೂ ಪಠ್ಯಗಳಲ್ಲಿ ನಿಂತದ್ದು ತೆವೆನಿನ್ ಹೆಸರು.

ಅಷ್ಟರಲ್ಲಿ ದಿಕ್ಕು ಬದಲಿಸುತ್ತಲೇ ಹರಿಯುವ ಕರೆಂಟು, ಅಂದರೆ ಎಸಿ ಬಂತು. ಎಡಿಸನ್ 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಿಂದ ಹಂಚಿದ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟು ಹೆಚ್ಚು ದೂರ ಹೋಗುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ವೋಲ್ಟೇಜ್ ಏರಿಸಿ ಕಳಿಸಬಹುದಾದ ಎಸಿ ಆ ಕಟ್ಟು ಹರಿಯಿತಾದರೂ ಲೆಕ್ಕವನ್ನು ಕೆಡಿಸಿತು. ಸುರುಳಿಯಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಕೆಪಾಸಿಟರ್‌ನಲ್ಲಿ ಮುಂದೆ ಓಡುತ್ತದೆ. ಕ್ಷಣಕ್ಷಣದ ಬೆಲೆ ಹಿಡಿಯಲು ಎಂಜಿನಿಯರುಗಳು ಪ್ರತಿ ವಿದ್ಯುತ್ ಮಂಡಲಕ್ಕೂ ಅವಕಲ ಸಮೀಕರಣ ಬಿಡಿಸಬೇಕಾಯಿತು.

ಬಿಡುಗಡೆ ಸಿಕ್ಕಿದ್ದು 1893ರಲ್ಲಿ. ಎಸಿಗೆ ಮಂಡಲ ಒಡ್ಡುವ ಒಟ್ಟು ಅಡ್ಡಿಗೆ ಇಂಪೀಡೆನ್ಸ್ ಎಂಬ ಪದವನ್ನು ಇಂಗ್ಲೆಂಡಿನ ಹೀವಿಸೈಡ್ ಆಗಲೇ ಚಲಾವಣೆಗೆ ತಂದಿದ್ದ. ಮುಂಬಯಿಯಲ್ಲಿ ಹುಟ್ಟಿದ ಆರ್ಥರ್ ಕೆನೆಲ್ಲಿ ಅದನ್ನು ಸಂಮಿಶ್ರ ಸಂಖ್ಯೆಯಾಗಿ ಬರೆದ. ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಸ್ಟೈನ್‌ಮೆಟ್ಸ್ ಅದೇ ವರ್ಷ ಷಿಕಾಗೋದಲ್ಲಿ ಇಡೀ ಪದ್ಧತಿಯನ್ನೇ ಮುಂದಿಟ್ಟ. ಓಮ್ ಮತ್ತು ಕಿರ್ಚಾಫ್‌ರ ಸಮೀಕರಣಗಳನ್ನು ಯಾರೂ ಬದಲಿಸಲಿಲ್ಲ. ಬದಲಾದದ್ದು ಅವುಗಳೊಳಗೆ ತುಂಬುವ ಸಂಖ್ಯೆ. ಈ ಕ್ಷೇತ್ರದ ಇತಿಹಾಸದಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ.

ಉದಾಹರಣೆಗೆ, ಒಂದು ಮಂಡಲದಲ್ಲಿ 30 ಓಮ್ ರೋಧ, ಅದರ ಜೊತೆ ಸರಣಿಯಲ್ಲಿ 50 ಹರ್ಟ್ಸ್‌ಗೆ 40 ಓಮ್ ಅಡ್ಡಿಯೊಡ್ಡುವ ಸುರುಳಿ ಇದೆ ಎನ್ನೋಣ. ಕೂಡಿದರೆ 70 ಆಗುವುದಿಲ್ಲ. ಸಂಮಿಶ್ರ ಸಂಖ್ಯೆಯಲ್ಲಿ ಇವೆರಡೂ ಒಂದಕ್ಕೊಂದು ಲಂಬವಾಗಿ ನಿಲ್ಲುವುದರಿಂದ, ಲಂಬಕೋನ ತ್ರಿಭುಜದ ಕರ್ಣದಂತೆ 50 ಓಮ್. ಮನೆಯ 230 ವೋಲ್ಟ್ ಕೊಟ್ಟರೆ ಕರೆಂಟು 4.6 ಆಂಪಿಯರ್. ಗುಣಿಸಿದರೆ 1058 ಬರುತ್ತದೆ, ಆದರೆ ನಿಜಕ್ಕೂ ಖರ್ಚಾಗುವುದು 634.8 ವಾಟ್ ಮಾತ್ರ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವುದೇ ಪವರ್ ಫ್ಯಾಕ್ಟರ್. ಇಲ್ಲಿ ಅದು 0.6. ಅದೇ ಸುರುಳಿಗೆ 25 ಹರ್ಟ್ಸ್ ಕೊಟ್ಟರೆ ಅದರ ಅಡ್ಡಿ 20 ಓಮ್‌ಗೆ ಇಳಿಯುತ್ತದೆ.

ಈ 25 ಹರ್ಟ್ಸ್ ಕರ್ನಾಟಕಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಮೂರು ಫೇಸಿನ ವಿದ್ಯುತ್ತಿನ ಆವರ್ತನ ಅಷ್ಟೇ ಇತ್ತು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಸ್ಟೈನ್‌ಮೆಟ್ಸ್ ದುಡಿಯುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ.

ಮೂರು ಫೇಸುಗಳ ಹೊರೆ ಏರುಪೇರಾದಾಗಿನ ಲೆಕ್ಕಕ್ಕೆ 1918ರಲ್ಲಿ ಎಂಜಿನಿಯರ್ ಫೋರ್ಟೆಸ್ಕ್ಯೂ ದಾರಿ ಮಾಡಿದ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಸ್ಪೈಸ್ ತಂತ್ರಾಂಶ ಕಿರ್ಚಾಫ್‌ನ ಸಮೀಕರಣಗಳನ್ನು ಕಂಪ್ಯೂಟರಿಗೆ ವಹಿಸಿತು.

ಇತ್ತ ಡಿಸಿಯೂ ಮರಳಿದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಎಳೆದಿರುವ 500 ಕಿಲೋವೋಲ್ಟ್‌ನ ಡಿಸಿ ಮಾರ್ಗದಲ್ಲಿ ಕರೆಂಟು ಸ್ಥಿರವಾಗಿರುವಾಗ ತಂತಿಯ ರೋಧ ಮಾತ್ರ ಲೆಕ್ಕಕ್ಕೆ ಬರುತ್ತದೆ, ಓಮ್‌ನ ಹಳೆಯ ಸೂತ್ರವೇ ಸಾಕು. ಗೋಜಲೆಲ್ಲ ತುದಿಗಳಲ್ಲಿ. ಎಸಿ–ಡಿಸಿ ಪರಿವರ್ತಕಗಳು ಅಲೆಯನ್ನು ಕತ್ತರಿಸುವುದರಿಂದ ಎಸಿ ಕಡೆ 50 ಹರ್ಟ್ಸ್‌ನ ಗುಣಕಗಳಾದ 550, 650 ಹರ್ಟ್ಸ್‌ನಂಥ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವನ್ನು ಸೋಸುವ ಫಿಲ್ಟರ್ ಕಟ್ಟಬೇಕಾದರೆ ಒಂದೊಂದು ಆವರ್ತನಕ್ಕೂ ಬೇರೆಯಾಗಿಯೇ ಇಂಪೀಡೆನ್ಸ್ ಲೆಕ್ಕ ಹಾಕಬೇಕು.