ಎಚ್-ಎರಡು ವಲಯಗಳು: ಅಧ್ಯಯನದ ಇತಿಹಾಸ

ಅತಿ ಬಿಸಿಯಾದ, ಭಾರಿ ನಕ್ಷತ್ರಗಳ ನೇರಳಾತೀತ ಕಿರಣ ತಾಗಿ ಹೊಳೆಯುವ ಹೈಡ್ರೋಜನ್ ಮೋಡಗಳಿಗೆ ಎಚ್-ಎರಡು ವಲಯಗಳೆಂದು ಹೆಸರು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸೂರ್ಯನಿಂದ ಹೊಮ್ಮುವ ಅಂಥ ಕಿರಣ ತೀರಾ ಕಡಿಮೆ. ಈ ಕೆಲಸಕ್ಕೆ ಮೇಲ್ಮೈ ಉಷ್ಣತೆ 30,000 ಕೆಲ್ವಿನ್ ಆಸುಪಾಸಿನ ನಕ್ಷತ್ರವೇ ಆಗಬೇಕು.

ಬರಿಗಣ್ಣಿಗೆ ಸಿಗುವ ಸುಲಭದ ಉದಾಹರಣೆ ಮಹಾವ್ಯಾಧ ನೀಹಾರಿಕೆ. ದೂರ ಸುಮಾರು 1,340 ಜ್ಯೋತಿರ್ವರ್ಷ. ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಜನವರಿ ರಾತ್ರಿ ನಿಂತರೆ, ವ್ಯಾಧನ ಸೊಂಟದ ಮೂರು ಚುಕ್ಕಿಗಳ ಕೆಳಗೆ ಮಸುಕು ಮಚ್ಚೆಯಾಗಿ ಕಾಣುತ್ತದೆ. ರೈತರು ಕಾಯುವ ಮೃಗಶಿರಾ ಮಳೆಯ ಹೊತ್ತಿಗೆ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ, ಮೋಡವಿಲ್ಲದ ದಿನವೂ ಅದು ಕಾಣದು.

ದೂರದರ್ಶಕದಲ್ಲಿ ಇದನ್ನು 1610ರಲ್ಲಿ ಮೊದಲು ಗುರುತಿಸಿದವರು ಫ್ರಾನ್ಸಿನ ಪೆಯ್ರೆಸ್ಕ್. ಇದು ನಕ್ಷತ್ರಗಳ ಗುಂಪೋ ಅನಿಲವೋ ಎಂಬ ಜಗಳ ಎರಡು ಶತಮಾನ ಎಳೆಯಿತು. 1864ರಲ್ಲಿ ವಿಲಿಯಂ ಹಗಿನ್ಸ್ ಇನ್ನೊಂದು ನೀಹಾರಿಕೆಯ ರೋಹಿತದಲ್ಲಿ ಬಿಡಿಬಿಡಿ ಗೆರೆಗಳನ್ನು ಕಂಡಾಗ ಅನಿಲದ ಪಕ್ಷ ಗೆದ್ದಿತು. ಆದರೆ ಅಲ್ಲಿದ್ದ ಹಸಿರು ಗೆರೆಗಳು ಯಾವ ಧಾತುವಿಗೂ ಹೊಂದಲಿಲ್ಲ. ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. ಅದು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕವಷ್ಟೇ ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿದರು. ಅಷ್ಟರಲ್ಲಿ ಮೇಘನಾದ ಸಹಾ ಅವರ ಅಯಾನೀಕರಣ ಸಮೀಕರಣ (1920) ಬಂದಿತ್ತು. 1939ರಲ್ಲಿ ಬೆಂಗ್ಟ್ ಸ್ಟ್ರಾಮ್‌ಗ್ರೆನ್, ನಕ್ಷತ್ರದ ಸುತ್ತ ಅಯಾನೀಕೃತ ಅನಿಲದ ಗೋಳವಿದ್ದು ಅದರ ಅಂಚು ಥಟ್ಟನೆ ಮುಗಿಯುತ್ತದೆಂದು ಲೆಕ್ಕ ಹಾಕಿದರು.

ನಿಜವಾದ ಮೋಡಗಳು ಅಷ್ಟು ಅಚ್ಚುಕಟ್ಟಲ್ಲ. ಇಲ್ಲಿಂದ ಕಥೆ ನಮ್ಮ ಕಡೆಗೆ ಹೊರಳುತ್ತದೆ. ಬಂಡೀಪುರದ ಕಾಡಿನಾಚೆ, ನೀಲಗಿರಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ಊಟಿ ರೇಡಿಯೋ ದೂರದರ್ಶಕ 1970ರಲ್ಲಿ ಸಿದ್ಧವಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೆ.ಆರ್. ಅನಂತರಾಮಯ್ಯ ಅದರಲ್ಲಿ 325 ಮೆಗಾಹರ್ಟ್ಸ್ ಆವರ್ತನದ ಹೈಡ್ರೋಜನ್ ಗೆರೆಯನ್ನು ಆಕಾಶಗಂಗೆಯ ಉದ್ದಕ್ಕೂ ಹುಡುಕಿದರು. ಎಲೆಕ್ಟ್ರಾನು 273ನೇ ಮಟ್ಟದಿಂದ 272ಕ್ಕೆ ಇಳಿದಾಗ ಹೊರಡುವ ಗೆರೆ ಅದು. ಆ ಸ್ಥಿತಿಯ ಒಂದೊಂದು ಪರಮಾಣುವೂ ನಮ್ಮ ಕೆಂಪು ರಕ್ತಕಣದಷ್ಟು ದೊಡ್ಡದು! ದಟ್ಟ ಅನಿಲದಲ್ಲಿ ಡಿಕ್ಕಿಗಳಿಗೆ ಸಿಕ್ಕಿ ಚೂರಾಗುವ ಇಂಥ ಪರಮಾಣು ತೆಳು ಅನಿಲದಲ್ಲಿ ಮಾತ್ರ ಉಳಿಯುತ್ತದೆ. 1985–86ರ ಪ್ರಬಂಧಗಳಲ್ಲಿ ಅವರು, ಪರಿಚಿತ ಎಚ್-ಎರಡು ವಲಯಗಳ ಸುತ್ತ ಘನ ಸೆಂಟಿಮೀಟರಿಗೆ ಒಂದರಿಂದ ಹತ್ತು ಎಲೆಕ್ಟ್ರಾನುಗಳಷ್ಟೇ ಇರುವ ವಿಶಾಲ ಹೊರಕವಚಗಳಿವೆ ಎಂದು ವಾದಿಸಿದರು. ಛಾಯಾಚಿತ್ರಗಳ ಹೊಳಪಿಗೆ ಮರುಳಾದವರಿಗೆ ಈ ಕೆಲಸ ನೀರಸವೆನಿಸಬಹುದು. ಮೋಡದ ಅಂಚು ಎಲ್ಲಿದೆ ಎಂಬ ಪ್ರಶ್ನೆಯನ್ನು ಮತ್ತೆ ತೆರೆದದ್ದು ಇಂಥ ಕೆಲಸವೇ.

ಗೌರಿಬಿದನೂರಿನ ದೂರದರ್ಶಕ ಬಳಸುತ್ತಿದ್ದ 34.5 ಮೆಗಾಹರ್ಟ್ಸ್‌ನಲ್ಲಿ ನೋಟ ತಿರುವುಮುರುವು: ದಟ್ಟ ಎಚ್-ಎರಡು ವಲಯಗಳು ಹಿಂದಿನಿಂದ ಬರುವ ರೇಡಿಯೋ ಅಲೆಗಳನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತವೆ.