ಪ್ಯೂಬ್ಲೊ ಜನ ಕ್ಯಾಮೆರಾಕ್ಕೆ 'ಬೇಡ' ಅಂದಿದ್ದು ಯಾಕೆ?

ಸ್ಪ್ಯಾನಿಷ್‌ನಲ್ಲಿ 'ಪ್ಯೂಬ್ಲೊ' ಅಂದರೆ ಊರು. ಅಮೆರಿಕದ ನ್ಯೂ ಮೆಕ್ಸಿಕೊ, ಅರಿಝೋನಾ ಭಾಗದಲ್ಲಿ ಕಲ್ಲು-ಮಣ್ಣಿನ ಬಹುಮಹಡಿ ಮನೆ ಕಟ್ಟಿಕೊಂಡು ಬಾಳುವ ಝೂನಿ, ಹೋಪಿ, ಆಕೊಮಾ, ಟಾವೊಸ್ ಮುಂತಾದ ಮೂಲನಿವಾಸಿಗಳಿಗೆ ಸ್ಪೇನಿನವರು ಇಟ್ಟ ಒಟ್ಟು ಹೆಸರದು. ಇವತ್ತು ಈ ಊರುಗಳಲ್ಲಿ ಧಾರ್ಮಿಕ ಕುಣಿತದ ದಿನ ಸಾಮಾನ್ಯವಾಗಿ ಫೋಟೊ ತೆಗೆಯುವಂತಿಲ್ಲ. ಕೆಲವೆಡೆ ಉಳಿದ ದಿನವೂ ಪರ್ಮಿಟ್ ಬೇಕು. 'ಫೋಟೊ ತೆಗೆದರೆ ಆತ್ಮ ಹೋಗುತ್ತೆ ಅನ್ನೋ ಮೂಢನಂಬಿಕೆ ಇರಬೇಕು' ಅಂತ ನಾನೂ ಅಂದುಕೊಂಡಿದ್ದೆ. ವಿಷಯ ಅದಲ್ಲ.

1873ರಲ್ಲಿ ತಿಮೊಥಿ ಓ'ಸಲಿವನ್ ಅಮೆರಿಕ ಸೇನೆಯ ವೀಲರ್ ಸರ್ವೆ ತಂಡದ ಜೊತೆ ಝೂನಿಗೆ ಬಂದ. 1879ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಹೊಸ ಜನಾಂಗ ಅಧ್ಯಯನ ವಿಭಾಗದ ತಂಡದಲ್ಲಿ ಜಾನ್ ಹಿಲ್ಲರ್ಸ್ ಬಂದ. ಆಗಿನದು ವೆಟ್ ಪ್ಲೇಟ್ ಕಾಲ. ಗಾಜಿಗೆ ರಾಸಾಯನಿಕ ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು ಡೆವಲಪ್ ಮಾಡಬೇಕು. ಅಂದರೆ ಪಕ್ಕದಲ್ಲೇ ಕತ್ತಲೆ ಡೇರೆ ಇರಬೇಕು. ಕದ್ದು ತೆಗೆಯೋದು ಕಷ್ಟ. ಕುಣಿಯುವವರು ಮಸುಕಾಗಿಬಿಡ್ತಿದ್ದರು.

ಆಮೇಲೆ ಡ್ರೈ ಪ್ಲೇಟ್ ಬಂತು, ರೈಲು ಬಂತು, 1888ರಲ್ಲಿ ಕೊಡಾಕ್ ಬಂತು. 1890ರ ದಶಕದ ಹೊತ್ತಿಗೆ ಹೋಪಿಗಳ ಹಾವಿನ ಕುಣಿತ ನೋಡಲು ಪ್ರವಾಸಿಗರು, ಫೋಟೊಗ್ರಾಫರ್‌ಗಳು ಮುಗಿಬೀಳುತ್ತಿದ್ದರು. ತಂತ್ರ ಸುಲಭವಾದಷ್ಟೂ ಅನುಮತಿ ಕೇಳುವ ಅಭ್ಯಾಸ ತಪ್ಪಿತು ಅಂತ ನನಗನಿಸುತ್ತೆ.

ಇದರಿಂದ ಹಾಳಾಗಿದ್ದೇನು? ಪ್ಯೂಬ್ಲೊಗಳಲ್ಲಿ ಧಾರ್ಮಿಕ ಜ್ಞಾನ ಎಲ್ಲರದ್ದಲ್ಲ. ಕಿವಾ ಎಂಬ ಆಚರಣೆಯ ಕೋಣೆಯಲ್ಲಿ ದೀಕ್ಷೆ ಪಡೆದವರಿಗೆ ಮಾತ್ರ ಅವರವರ ಪಾಲಿನದು ತಿಳಿಯುತ್ತೆ. ಅದೇ ಊರಿನ ಮಗುವಿಗೂ ಕೆಲವನ್ನು ತೋರಿಸುವುದಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಆಕ್ಸೆಸ್ ಕಂಟ್ರೋಲ್ ಥರ ಕಾಣುತ್ತೆ. ಯಾರಿಗೆ ಎಷ್ಟು ಅಂತ ಗುರುಹಿರಿಯರು ನಿರ್ಧರಿಸಿದ್ದನ್ನು ಒಂದು ಫೋಟೊ ಇಡೀ ಲೋಕಕ್ಕೆ ತೆರೆದಿಡುತ್ತೆ.

ಗುಟ್ಟು ಕಾಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. 1675ರಲ್ಲಿ ಸ್ಪ್ಯಾನಿಷ್ ಆಡಳಿತ 47 ಧಾರ್ಮಿಕ ಮುಖಂಡರನ್ನು ಹಿಡಿದು ಶಿಕ್ಷಿಸಿತು. ಅವರಲ್ಲೊಬ್ಬನಾದ ಪೊಪೇ 1680ರಲ್ಲಿ ದಂಗೆಯ ನಾಯಕನಾದ. ಎರಡು ಶತಮಾನದ ನಂತರ, 1883ರಲ್ಲಿ, ಅಮೆರಿಕ ಸರ್ಕಾರ ಮೂಲನಿವಾಸಿಗಳ ಕುಣಿತಗಳನ್ನು ಅಪರಾಧದ ಪಟ್ಟಿಗೆ ಸೇರಿಸಿತು. ಸಂಬಳ ಕೊಟ್ಟು ಅವರ ಫೋಟೊ ತೆಗೆಸುತ್ತಿದ್ದದ್ದೂ ಅದೇ ಸರ್ಕಾರ! ಇಂಥವರ ಕೈಗೆ ಯಾರು ತಾನೇ ಸಾಕ್ಷಿ ಕೊಡ್ತಾರೆ?

ಹಾಗಂತ ಆ ಜನ ಬರೀ ಬಲಿಪಶುಗಳಾಗಿರಲಿಲ್ಲ. ಝೂನಿಯ ವೀವಾ ಹುಟ್ಟಿನಿಂದ ಗಂಡು, ಬಾಳಿದ್ದು 'ಲಾಮನಾ' ಆಗಿ. ಗಂಡು-ಹೆಣ್ಣು ಎರಡೂ ಕೆಲಸ ಬಲ್ಲ ಇಂಥವರಿಗೆ ಆ ಸಮಾಜದಲ್ಲಿ ಗೌರವದ ಸ್ಥಾನವಿತ್ತು. 1886ರಲ್ಲಿ ವಾಷಿಂಗ್ಟನ್‌ಗೆ ಹೋಗಿದ್ದಾಗ ವೀವಾ ಮಗ್ಗದ ಮುಂದೆ ಕೂತು ನೇಯುವುದನ್ನು ತೋರಿಸಿಕೊಟ್ಟರು, ಫೋಟೊ ತೆಗೆಸಿಕೊಂಡರು. ಏನನ್ನು ತೋರಿಸಬೇಕು ಅನ್ನೋದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

1992ರಲ್ಲಿ ಝೂನಿಗಳು ತಮ್ಮದೇ ಮ್ಯೂಸಿಯಂ ತೆರೆದರು. ಸ್ಮಿತ್‌ಸೋನಿಯನ್‌ನಿಂದ ಬಂದ ಹಳೆಯ ಫೋಟೊಗಳ ಪ್ರತಿಗಳನ್ನು ಒಂದೊಂದಾಗಿ ನೋಡಿದರು. ಮನೆ, ಹೊಲ, ಮುಖಗಳು ಮ್ಯೂಸಿಯಂನಲ್ಲಿ ಉಳಿದವು. ಆಚರಣೆಯ ಚಿತ್ರಗಳು ಧಾರ್ಮಿಕ ಹಿರಿಯರ ಕೈಗೆ ಹೋದವು.